ಒರೆಗಲ್ಲಿಗೆ ಒರೆ ಹಚ್ಚುವವರು ಯಾರು?

ರಾಜಾಜಿನಗರ, ವಿಜಯನಗರದ ಚಿನ್ನದಂಗಡಿಗಳಲ್ಲಿ ಮದುವೆಗೆ ಒಡವೆ ಕೊಳ್ಳಲು ಬಂದವರು ಬಳೆಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡುವುದುಂಟು. ಅಲ್ಲಿ ಬಿಐಎಸ್ ಮುದ್ರೆಯ ಜೊತೆಗೆ '22ಕೆ916' ಎಂದಿರುತ್ತದೆ. ಸಾವಿರ ಭಾಗದಲ್ಲಿ 916 ಭಾಗ ಚಿನ್ನ ಎಂದು ಇದರ ಅರ್ಥ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಮೂರು ಅಂಕಿಗಳ ಮೇಲಿನ ನಂಬಿಕೆಯಿಂದ ಎಣಿಸಿ ಕೊಡಲಾಗುತ್ತದೆ. ಆದರೆ 916 ಎಂದವರು ಯಾವುದಕ್ಕೆ ಹೋಲಿಸಿ ಹಾಗೆಂದರು?

ಈ ಪ್ರಶ್ನೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಲ್ಲಿ ದೊರೆತು, ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಒರೆಗಲ್ಲಿನ ವಿವರವಿದೆ. ಅಪ್ಪಟ ಚಿನ್ನಕ್ಕೆ 16 ವರ್ಣ. ಕಳಿಂಗದ ಅಥವಾ ತಪತಿ ನದಿಯ, ಹೆಸರುಕಾಳಿನ ಬಣ್ಣದ ಕಲ್ಲು ಶ್ರೇಷ್ಠ. ಮೊದಲು ಗುಣ ಗೊತ್ತಿರುವ ಚಿನ್ನದ ಗೆರೆ, ಪಕ್ಕದಲ್ಲಿ ಪರೀಕ್ಷೆಗೆ ಬಂದ ಚಿನ್ನದ ಗೆರೆ, ಎರಡನ್ನೂ ಹೋಲಿಸಬೇಕು. ಉಗುರಿನ ಸಂದಿಯಿಂದ ಕಾವಿಪುಡಿ ಉದುರಿಸಿ ಗೆರೆಗೆ ಬಣ್ಣ ಕೊಡುವ ಮೋಸವನ್ನೂ ಗ್ರಂಥ ಬಿಟ್ಟಿಲ್ಲ.

ಹೋಲಿಕೆಯೇ ಅಳತೆಯ ಜೀವಾಳ ಎಂಬ ಈ ತಿಳಿವು ಇಂದಿಗೂ ಬದಲಾಗಿಲ್ಲ. ಬದಲಾದದ್ದು ವಿಧಾನ. ಇಂದಿನ ನಿರ್ಣಾಯಕ ಪರೀಕ್ಷೆ ಅಕ್ಷರಶಃ ಅಗ್ನಿಪರೀಕ್ಷೆ. ಒಡವೆಯಿಂದ ತೆಗೆದ ಚೂರನ್ನು ತೂಗಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ 1,000 ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸವೂ ತಾಮ್ರವೂ ಸರಂಧ್ರ ಬಟ್ಟಲಿನಲ್ಲಿ ಇಂಗುತ್ತವೆ. ಉಳಿದ ಗುಂಡನ್ನು ತಟ್ಟಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗುತ್ತದೆ. ಮಿಕ್ಕ ಚಿನ್ನವನ್ನು ಮತ್ತೆ ತೂಗಿದರೆ ಪಾಲು ಸಿಕ್ಕಿತು.

ಆದರೆ ಬೆಂಕಿಯೂ ತುಸು ಚಿನ್ನವನ್ನು ನುಂಗುತ್ತದೆ. ತುಸು ಬೆಳ್ಳಿ ಉಳಿದುಬಿಡಲೂಬಹುದು. ಅದಕ್ಕಾಗಿ ಶುದ್ಧತೆ ಖಚಿತವಾಗಿರುವ ಚಿನ್ನದ ಚೂರೊಂದನ್ನು ಅದೇ ಕುಲುಮೆಯಲ್ಲಿ, ಅದೇ ಹೊತ್ತಿಗೆ ಕಾಯಿಸುತ್ತಾರೆ. ಅದರಲ್ಲಿ ಕಂಡ ವ್ಯತ್ಯಾಸವನ್ನು ಒಡವೆಯ ಲೆಕ್ಕದಲ್ಲಿ ಸರಿಪಡಿಸುತ್ತಾರೆ.

ಹಾಗಾದರೆ ಆ ಚೂರು ಶುದ್ಧವೆಂದು ಹೇಳುವವರು ಯಾರು? ಭಾರತದಲ್ಲಿ ಇದಕ್ಕೆ ದೇಶೀಯ ಉತ್ತರ ದೊರೆತದ್ದು 2018ರಲ್ಲಿ. ಮುಂಬೈಯ ಸರ್ಕಾರಿ ಟಂಕಸಾಲೆ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರ ಸೇರಿ ಶೇ 99.99 ಶುದ್ಧತೆಯ ಚಿನ್ನವನ್ನು 'ಭಾರತೀಯ ನಿರ್ದೇಶಕ ದ್ರವ್ಯ 4201' ಎಂಬ ಹೆಸರಿನಲ್ಲಿ ಹೊರತಂದವು. ತಕ್ಕಡಿಯ ತೂಕದ ಕಲ್ಲುಗಳ ಮೂಲವೂ ಹೀಗೆಯೇ ದೆಹಲಿಯ ಪ್ರಯೋಗಾಲಯಕ್ಕೆ ಹೋಗಿ ಮುಟ್ಟುತ್ತದೆ.

ಅಂಗಡಿಯ ಬಳೆಯಿಂದ ಪರೀಕ್ಷಾ ಕೇಂದ್ರಕ್ಕೆ, ಅಲ್ಲಿಂದ ನಿರ್ದೇಶಕ ಚಿನ್ನಕ್ಕೆ: ಹೀಗೆ ಕೊಂಡಿಗೆ ಕೊಂಡಿ ಸೇರಿದ ಸರಪಳಿಯಿದು. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಈಗ ಹಾಲ್‌ಮಾರ್ಕ್ ಆದ ಒಡವೆಯ ಮೇಲಿರುವ ಆರು ಅಕ್ಷರ-ಅಂಕಿಗಳ ಗುರುತನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಗ್ರಾಹಕರೇ ಪರಿಶೀಲಿಸಬಹುದು. ಸರಪಳಿಯ ಒಂದು ಕೊಂಡಿ ಕಳಚಿದರೂ ಮುದ್ರೆ ಬರಿಯ ಚಿತ್ತಾರ. ಗಟ್ಟಿಯಾಗಿದ್ದರೆ ಮಾತ್ರ 916ಕ್ಕೆ ಬೆಲೆ.