ಕೆರೆಯಂಗಳ ಯಾರದು?

ಕಳೆದೊಂದು ವರ್ಷ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಚೆಂಬೂರಿನಿಂದ ಪೊವಾಯಿಗೆ ಹೋಗಿ, ಕೆರೆಯ ಪಕ್ಕದ ರಸ್ತೆಯಲ್ಲಿ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದೆ. ಪ್ರಾಜೆಕ್ಟಿನ ಪ್ರಗತಿಯನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡುವ ಆಫೀಸಿನ ಅಭ್ಯಾಸ ಕ್ಯಾಮೆರಾಗೂ ಅಂಟಿಕೊಂಡಿತ್ತು. ಹನ್ನೆರಡು ಚಿತ್ರಗಳನ್ನು ಸಾಲಾಗಿ ಇಟ್ಟಾಗ ತಿಳಿಯಿತು: ಈ ಕೆರೆಗೆ ಒಂದೇ ಒಂದು ದಡವೆಂಬುದಿಲ್ಲ.

ಈ ದಡ ನಿಸರ್ಗ ಕೊಟ್ಟದ್ದೂ ಅಲ್ಲ, ನಗರದ ಬಾಯಾರಿಕೆ ಎಳೆದ ಗೆರೆ. 1854ರಲ್ಲಿ ಮುಂಬಯಿಯ ಬಾವಿ, ಕೆರೆಗಳು ಬತ್ತಿ ಹಾಹಾಕಾರವೆದ್ದಿತು. ಎಂಜಿನಿಯರ್ ಹೆನ್ರಿ ಕೋನಿಬೇರ್ ಅವರ ಯೋಜನೆಯಂತೆ 1860ರಲ್ಲಿ ವಿಹಾರ್ ಕೆರೆ ಸಿದ್ಧವಾಯಿತು. ನಗರಕ್ಕೆ ಕೊಳವೆಯಲ್ಲಿ ನೀರು ಬಂತು. 1879ರಲ್ಲಿ ತುಳಸಿ. ಅದೂ ಸಾಲದಾದಾಗ 1891ರಲ್ಲಿ ಪೊವಾಯಿ. ಆದರೆ ಮರುವರ್ಷವೇ ತಾನ್ಸಾ ನೀರು ಬಂತು. ಪೊವಾಯಿ ನೀರು ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ. 545 ಕೋಟಿ ಲೀಟರ್ ಹಿಡಿಯುವ ಈ ಕೆರೆಯ ನೀರು ಇಂದು ಕಾರ್ಖಾನೆಗಳಿಗೆ, ಆರೇ ಕಾಲೊನಿಗೆ ಹೋಗುತ್ತದೆ.

ನನ್ನ ಜುಲೈ ಚಿತ್ರದಲ್ಲಿ ಕೆರೆ ತುಂಬಿ ಕೋಡಿ ಬಿದ್ದಿದೆ. ಆ ನೀರು ಮಿಠಿ ನದಿ ಸೇರಿ ಮಾಹಿಮ್ ಕೊಲ್ಲಿಗೆ ಹೋಗುತ್ತದೆ. ಅಕ್ಟೋಬರಿನಲ್ಲಿ ಅಂತರಗಂಗೆ ಹಬ್ಬಿ ನೀರೆಲ್ಲಿ, ನೆಲವೆಲ್ಲಿ ಎಂದು ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ನೀರು ಹಿಂದೆ ಸರಿದು ಕೆಸರು ಬಿರುಕು ಬಿಟ್ಟಿದೆ, ಬೆಳ್ಳಕ್ಕಿಗಳು ಓಡಾಡುತ್ತಿವೆ.

ಅಪರಿಚಿತರಿಗೆ ಮೇ ಚಿತ್ರ ಮಾತ್ರ ತೋರಿಸಿದರೆ 'ಖಾಲಿ ಜಾಗ' ಎಂದಾರು. ಮಹಾನಗರ ಪಾಲಿಕೆ ಇಲ್ಲಿ ದಡದುದ್ದಕ್ಕೂ ಸೈಕಲ್ ಪಥ ಮಾಡಹೊರಟಿತ್ತು. ಐಐಟಿ ವಿದ್ಯಾರ್ಥಿಗಳೂ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಕೆಲಸ ಕಾನೂನುಬಾಹಿರವೆಂದು ಹೇಳಿ, ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು.

ತೀರ್ಪಿನ ಸುದ್ದಿ ಓದಿದಾಗ ಊರಿನ ಒಂದು ಮಾತು ನೆನಪಾಗಿತ್ತು: ಕೆರೆಯಂಗಳ. ನೀರು ಬತ್ತಿದ ಮೇಲೆ ಕಾಣುವ ನೆಲಕ್ಕೆ ನಮ್ಮವರು ಇಟ್ಟ ಹೆಸರು. ಮನೆಯವರು ಊರಲ್ಲಿಲ್ಲ ಎಂದು ಅಂಗಳ ಬೇರೆಯವರದಾಗುವುದಿಲ್ಲ. ನೀರು ಇಳಿದಿದೆ ಎಂದು ಕೆರೆಯಂಗಳವೂ ಅಷ್ಟೇ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯದು ಕಂಠೀರವ ಕ್ರೀಡಾಂಗಣವಾಯಿತು. ಪದ ಇಟ್ಟುಕೊಂಡ ನಾವೇ ನೆಲ ಬಿಟ್ಟುಕೊಟ್ಟೆವು.

ಹಾಗಾಗಿ ಈಗ ಯಾರಾದರೂ ಪೊವಾಯಿಯ ಫೋಟೊ ಕೇಳಿದರೆ ಒಂದನ್ನೇ ಕಳಿಸುವುದಿಲ್ಲ. ಮೇ, ಜುಲೈ ಎರಡನ್ನೂ ಕಳಿಸುತ್ತೇನೆ.