ಕೋಲಾರ ಜಿಲ್ಲೆಯ ರೇಷ್ಮೆ ಕೃಷಿ ಮತ್ತು ಆಮದು ನೀತಿ

ಕರ್ನಾಟಕದ ಕೋಲಾರ ಜಿಲ್ಲೆಯಲ್ಲಿ ರೇಷ್ಮೆ ಕೃಷಿಯು ಹೈನುಗಾರಿಕೆಯೊಡನೆ ಗ್ರಾಮೀಣ ಕುಟುಂಬಗಳ ಪ್ರಮುಖ ಆದಾಯಮೂಲವಾಗಿದೆ. ಚಿನ್ನದ ಗಣಿಯನ್ನೂ ಸೇರಿಸಿ ಈ ಜಿಲ್ಲೆಯನ್ನು 'ಹಾಲು, ರೇಷ್ಮೆ, ಚಿನ್ನದ ನಾಡು' ಎಂದು ಕರೆಯುವುದು ರೂಢಿ. ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಬೆಳೆಯುವ ರೈತರಿಗೆ ದೊರೆಯುವ ಗೂಡಿನ ಬೆಲೆಯು ಹರಾಜು ಕಟ್ಟೆಯಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ. ಕಚ್ಚಾ ರೇಷ್ಮೆಯ ಮೇಲೆ ಭಾರತ ಸರ್ಕಾರವು ವಿಧಿಸುವ ಆಮದು ಸುಂಕ ಮತ್ತು ಚೀನಾದ ರೇಷ್ಮೆಯ ಬೆಲೆಗಳೂ ಅದನ್ನು ನಿರ್ಧರಿಸುತ್ತವೆ.

ಹಿನ್ನೆಲೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಮತ್ತು ಕೊಳವೆಬಾವಿಗಳನ್ನು ನಂಬಿದ ಸಣ್ಣ ಹಿಡುವಳಿದಾರರಿಗೆ, ಒಂದೆರಡು ಎಕರೆಯಲ್ಲಿಯೇ ವರ್ಷಕ್ಕೆ ಹಲವು ಬಾರಿ ಹಣ ತರುವ ಹಿಪ್ಪುನೇರಳೆ ಅನುಕೂಲಕರ ಬೆಳೆಯಾಯಿತು. ಚಾಕಿ ಹುಳುವನ್ನು ತಂದು ಸಾಕಿ ಗೂಡು ಬಿಡಿಸುವವರೆಗಿನ ಕೆಲಸವು ಒಂದು ತಿಂಗಳೊಳಗೆ ಮುಗಿಯುತ್ತದೆ. ಇದರ ಬಹುಪಾಲು ದುಡಿಮೆ ಮನೆಯ ಹೆಂಗಸರದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಪ್ರತ್ಯೇಕವಾದಾಗ ಶಿಡ್ಲಘಟ್ಟದ ಹೆಸರಾಂತ ಗೂಡಿನ ಮಾರುಕಟ್ಟೆಯು ಹೊಸ ಜಿಲ್ಲೆಗೆ ಸೇರಿತು. 1959ರ ರಾಜ್ಯ ಕಾಯ್ದೆಯು ಗೂಡು ಹಾಗೂ ನೂಲಿನ ವಹಿವಾಟನ್ನು ನಿಯಂತ್ರಿಸುತ್ತದೆ. ಗೂಡನ್ನು ಹೆಚ್ಚು ದಿನ ಇಟ್ಟುಕೊಳ್ಳಲು ಬಾರದು. ಒಳಗಿನ ಕೋಶವು ಪತಂಗವಾಗಿ ಹೊರಬಂದರೆ ಎಳೆಯು ತುಂಡಾಗುತ್ತದೆ. ಆದುದರಿಂದ ಬೆಲೆ ಕುಸಿದ ದಿನವೂ ರೈತನು ಮಾರಲೇಬೇಕಾಗುತ್ತದೆ.

ಮೊದಲ ರಕ್ಷಣಾ ಸುಂಕ

ವಿದೇಶಿ ರೇಷ್ಮೆಯ ಪೈಪೋಟಿ ಇಲ್ಲಿಗೆ ಹೊಸದಲ್ಲ. ಕೋಲಾರವು ಮೈಸೂರು ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ, 1929ರ ನಂತರದ ಜಾಗತಿಕ ಆರ್ಥಿಕ ಕುಸಿತದ ವರ್ಷಗಳಲ್ಲಿ, ಜಪಾನ್ ಮತ್ತು ಚೀನಾಗಳ ಅಗ್ಗದ ರೇಷ್ಮೆಯಿಂದ ಸಂಸ್ಥಾನದ ಉದ್ಯಮವು ತೀವ್ರ ಹೊಡೆತ ತಿಂದಿತು. ಭಾರತ ಸರ್ಕಾರದ ಸುಂಕ ಮಂಡಳಿಯು ವಿಚಾರಣೆ ನಡೆಸಿತು. 1934ರಲ್ಲಿ ರೇಷ್ಮೆಗೆ ರಕ್ಷಣಾ ಸುಂಕ ದೊರೆಯಿತು. ಸ್ವಾತಂತ್ರ್ಯಾನಂತರ ದೀರ್ಘಕಾಲ ಆಮದಿನ ಮೇಲೆ ಪರವಾನಗಿ ಮತ್ತು ಪ್ರಮಾಣದ ನಿರ್ಬಂಧಗಳಿದ್ದವು.

2001ರ ನಂತರ

ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪಿನ ಪರಿಣಾಮವಾಗಿ ಭಾರತವು ತನ್ನ ಪ್ರಮಾಣ ನಿರ್ಬಂಧಗಳ ಕೊನೆಯ ಕಂತನ್ನು 2001ರ ಏಪ್ರಿಲ್ 1ರಂದು ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚೀನಾ ಆ ಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಉತ್ಪಾದನೆಯಲ್ಲಿ ಚೀನಾ ಜಗತ್ತಿನಲ್ಲಿ ಮೊದಲನೆಯದು, ಭಾರತ ಎರಡನೆಯದು. ಆದರೆ ರೇಷ್ಮೆಯನ್ನು ಅತಿ ಹೆಚ್ಚು ಉಡುವ ದೇಶ ಭಾರತವೇ. ಈ ಕಾರಣದಿಂದ ಆ ದಶಕದ ಮಧ್ಯಭಾಗದಲ್ಲಿ ಆಮದು ವರ್ಷಕ್ಕೆ 8,000 ಟನ್‌ಗಳನ್ನು ಮೀರಿತ್ತು.

2003ರಲ್ಲಿ ಚೀನಾದ 2ಎ ಮತ್ತು ಅದಕ್ಕಿಂತ ಕೆಳದರ್ಜೆಯ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಭಾರತವು ಡಂಪಿಂಗ್ ವಿರೋಧಿ ಸುಂಕ ವಿಧಿಸಿತು. ಇಂತಹ ಸುಂಕಕ್ಕೆ ಮೂರು ಸಂಗತಿಗಳು ಸಾಬೀತಾಗಬೇಕು: ಸರಕು ಅದರ ಸಹಜ ಮೌಲ್ಯಕ್ಕಿಂತ ಕಡಿಮೆಗೆ ಬರುತ್ತಿದೆ, ದೇಶೀಯ ಉದ್ಯಮಕ್ಕೆ ಹಾನಿಯಾಗಿದೆ, ಆ ಹಾನಿಗೆ ಈ ಆಮದೇ ಕಾರಣ. ಮಾರುಕಟ್ಟೆಯ ಒಂದು ವಾರದ ಕುಸಿತದಿಂದ ನಲುಗುವ ಬೆಳೆಗಾರನಿಗೆ ತಿಂಗಳುಗಟ್ಟಲೆ ನಡೆಯುವ ಈ ತನಿಖೆಯು ತಕ್ಷಣದ ಪರಿಹಾರವಾಗಲಾರದು. ಗೂಡು ಮತ್ತು ನೂಲು ಬೇರೆ ಬೇರೆ ಸರಕುಗಳಾದುದರಿಂದ ಅವನ ನಷ್ಟವು ನೂಲು ಬಿಚ್ಚುವವರ ನಷ್ಟದ ಮೂಲಕವೇ ಲೆಕ್ಕಕ್ಕೆ ಬರುತ್ತದೆ.

ಸುಂಕದ ಏರಿಳಿತ

ಹೆಚ್ಚು ವಿವಾದಕ್ಕೊಳಗಾದ ನಿರ್ಧಾರವೆಂದರೆ 2011–12ರ ಕೇಂದ್ರ ಮುಂಗಡಪತ್ರದ್ದು. ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಅವರು ಕಚ್ಚಾ ರೇಷ್ಮೆಯ ಮೂಲ ಸೀಮಾ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿದು ಕರ್ನಾಟಕದ ರೇಷ್ಮೆ ಜಿಲ್ಲೆಗಳಲ್ಲಿ ರೈತರು ಪ್ರತಿಭಟನೆಗಿಳಿದರು. 2013–14ರಲ್ಲಿ ಪಿ. ಚಿದಂಬರಂ ಅವರು ಸುಂಕವನ್ನು ಶೇ 15ಕ್ಕೆ ಏರಿಸಿದರು. ಬಳಿಕ ಅದು ಶೇ 10ಕ್ಕೆ ಇಳಿದು, 2021ರ ಮುಂಗಡಪತ್ರದಲ್ಲಿ ಪುನಃ ಶೇ 15 ಆಯಿತು. ಹಿಪ್ಪುನೇರಳೆ ತೋಟವು ಒಮ್ಮೆ ನಾಟಿ ಮಾಡಿದರೆ ಹಲವು ವರ್ಷ ಉಳಿಯುವಂಥದು. ಸುಂಕವು ಎರಡು ವರ್ಷವೂ ಸ್ಥಿರವಾಗಿ ನಿಲ್ಲದಿದ್ದಾಗ ತೋಟ ಕಿತ್ತು ಟೊಮೆಟೊ ಹಾಕುವುದೋ ಬೇಡವೋ ಎಂಬ ಲೆಕ್ಕಾಚಾರ ಕಷ್ಟವಾಗುತ್ತದೆ.

ನೇಕಾರರ ನಿಲುವು ಇದಕ್ಕೆ ವಿರುದ್ಧವಾಗಿದೆ. ಯಂತ್ರಮಗ್ಗದ ಹಾಸಿಗೆ ಉದ್ದವಾದ, ಏಕರೂಪದ, ತುಂಡಾಗದ ಎಳೆ ಬೇಕು. ಮಿಶ್ರತಳಿ ಗೂಡಿನಿಂದ ಚರಕದಲ್ಲಿ ತೆಗೆದ ನೂಲು ಹೊಕ್ಕಿಗೆ ಸಾಲುತ್ತದೆ, ಹಾಸಿಗೆ ಸಾಲದು. ಸುಂಕ ಏರಿದರೆ ವಾರಾಣಸಿಯಂತಹ ಕೇಂದ್ರಗಳ ನೇಕಾರರಿಗೆ ಸೀರೆಯ ವೆಚ್ಚ ಹೆಚ್ಚುತ್ತದೆ. ಸುಂಕದ ಪ್ರಶ್ನೆಯು ಹೀಗೆ ಎರಡು ದೇಶಗಳ ನಡುವಿನದಷ್ಟೇ ಅಲ್ಲ, ಒಂದೇ ದೇಶದ ಎರಡು ಬಡ ವರ್ಗಗಳ ನಡುವಿನದೂ ಹೌದು.

ಜಪಾನಿನ ಸಹಕಾರ

ಗುಣಮಟ್ಟದ ಈ ಕೊರತೆಯನ್ನು ನೀಗಲು ಕೇಂದ್ರ ರೇಷ್ಮೆ ಮಂಡಳಿಯು ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯೊಡನೆ (ಜೈಕಾ) 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ದ್ವಿತಳಿ ರೇಷ್ಮೆ ಯೋಜನೆಯನ್ನು ನಡೆಸಿತು. 1930ರ ದಶಕದಲ್ಲಿ ಪ್ರತಿಸ್ಪರ್ಧಿಯಾಗಿದ್ದ ದೇಶವೇ ಇಲ್ಲಿ ತಂತ್ರಜ್ಞಾನ ನೀಡಿದುದು ಗಮನಾರ್ಹ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸಿಎಸ್‌ಆರ್2 × ಸಿಎಸ್‌ಆರ್4 ಸಂಕರ ತಳಿಯು ಈ ಅವಧಿಯ ಮುಖ್ಯ ಫಲ. ಅದರೊಂದಿಗೆ ವಿ-1 ಹಿಪ್ಪುನೇರಳೆ, ಪ್ರತ್ಯೇಕ ಹುಳು ಸಾಕಾಣಿಕೆ ಮನೆ, ರೆಂಬೆ ಪದ್ಧತಿಯ ಸಾಕಾಣಿಕೆಗಳೂ ಬಳಕೆಗೆ ಬಂದವು. ದ್ವಿತಳಿಗೆ ಬೆಲೆ ಹೆಚ್ಚು, ಆದರೆ ಬೇಸಿಗೆಯ ಸೆಕೆ ಹಾಗೂ ರೋಗಗಳನ್ನು ತಾಳುವ ಶಕ್ತಿ ಕಡಿಮೆ.

ದೇಶದ ಒಟ್ಟು ಕಚ್ಚಾ ರೇಷ್ಮೆ ಉತ್ಪಾದನೆಯು 2023–24ರಲ್ಲಿ 38,913 ಟನ್‌ಗಳಿಗೆ ಏರಿದೆ. ಇದರಲ್ಲಿ ಕರ್ನಾಟಕದ ಪಾಲು ಎಲ್ಲ ರಾಜ್ಯಗಳಿಗಿಂತ ದೊಡ್ಡದು. ಆಮದು 2020–21ರ ವೇಳೆಗೆ ಸುಮಾರು 1,800 ಟನ್‌ಗಳಿಗೆ ಇಳಿದಿತ್ತು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಆಸಿಯಾನ್ ಸರಕು ಒಪ್ಪಂದದಲ್ಲಿ ರೇಷ್ಮೆ ಉತ್ಪಾದಕ ದೇಶವಾದ ವಿಯೆಟ್ನಾಂ ಕೂಡ ಇರುವುದರಿಂದ, ಸುಂಕದ ದರದ ಜೊತೆಗೆ ಸರಕಿನ ಮೂಲ ದೇಶವನ್ನು ಗುರುತಿಸುವ ನಿಯಮಗಳೂ ಈಗ ಬೆಳೆಗಾರರ ಪಾಲಿಗೆ ಮುಖ್ಯವಾಗಿವೆ.