ಬಚ್ಚಿಟ್ರೂ ಕೇಸು, ಕಾಣಿಸಿದ್ರೂ ಕೇಸು: ಹೋಲ್‌ಸ್ಟರ್ ಹೇಳೋ ಇತಿಹಾಸ

1/6
ಮೊದಲ ಫೋಟೊದಲ್ಲಿರೋ ಬೋರ್ಡ್ ನೋಡಿ. ಕೆಂಪಕ್ಷರದಲ್ಲಿ ದೊಡ್ಡದಾಗಿ 51% ಅಂತಿದೆ. ಆಷಾಢದ ಡಿಸ್ಕೌಂಟ್ ಅಲ್ಲ! ಅಮೆರಿಕದ ಟೆಕ್ಸಾಸ್ ರಾಜ್ಯದ ಬಾರ್‌ಗಳ ಬಾಗಿಲಲ್ಲಿ ಇರೋ ಬೋರ್ಡ್ ಇದು. ಅಂಗಡಿಯ ಆದಾಯದಲ್ಲಿ ಶೇ 51 ಅಥವಾ ಅದಕ್ಕಿಂತ ಹೆಚ್ಚು, ಅಲ್ಲೇ ಕೂತು ಕುಡಿಯೋ ಮದ್ಯದಿಂದ ಬರುತ್ತೆ ಅಂತಾದ್ರೆ, ಲೈಸೆನ್ಸ್ ಇದ್ದವರೂ ಪಿಸ್ತೂಲು ಇಟ್ಕೊಂಡು ಒಳಗೆ ಬರೋ ಹಾಗಿಲ್ಲ. ನಮ್ಮ ಕ್ಲಾಸಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಿಸ್ತೂಲು ಒಳಗೆ ಬರಬೇಕೋ ಬೇಡವೋ ಅನ್ನೋದನ್ನ ತೀರ್ಮಾನ ಮಾಡ್ತಿರೋದು ಆ ಅಂಗಡಿಯ ಸೇಲ್ಸ್ ಲೆಕ್ಕ.

ಡಲ್ಲಾಸ್‌ನಲ್ಲೋ ಆಸ್ಟಿನ್‌ನಲ್ಲೋ ಅಣ್ಣ, ಅಕ್ಕ, ಚಿಕ್ಕಪ್ಪ ಇರೋರು ನಿಮ್ಮಲ್ಲಿ ತುಂಬ ಜನ ಇದ್ದೀರಿ. ಅವರನ್ನ ಕೇಳಿ, ಇಂಥ ಬೋರ್ಡ್ ನೋಡಿರ್ತಾರೆ. ಇದರ ಹಿಂದೆ ಇರೋದು 1995ರ ಒಂದು ಕಾನೂನು. ಅದು ಕೊಟ್ಟ ಲೈಸೆನ್ಸಿನ ಹೆಸರು ‘ಕನ್ಸೀಲ್ಡ್ ಹ್ಯಾಂಡ್‌ಗನ್ ಲೈಸೆನ್ಸ್’. ಅಂದ್ರೆ ಪಿಸ್ತೂಲನ್ನ ಯಾರಿಗೂ ಕಾಣದ ಹಾಗೆ ಬಚ್ಚಿಟ್ಕೊಂಡು ಓಡಾಡೋಕೆ ಸರ್ಕಾರದ ಅನುಮತಿ. ನನಗೆ ಕುತೂಹಲ ಹುಟ್ಟಿಸಿದ್ದು ಆ ‘ಬಚ್ಚಿಟ್ಕೊಂಡು’ ಅನ್ನೋ ಮಾತು. ಯಾಕಂದ್ರೆ ಅದೇ ದೇಶದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ, ಆಯುಧ ಬಚ್ಚಿಡೋದೇ ಹೇಡಿಗಳ ಕೆಲಸ ಅನ್ನಿಸ್ಕೊಂಡಿತ್ತು.

2/6
1813ಕ್ಕೆ ಹೋಗೋಣ. ಕೆಂಟಕಿ ರಾಜ್ಯ ಒಂದು ಕಾನೂನು ಮಾಡ್ತು. ಜೇಬಿನ ಪಿಸ್ತೂಲು, ಬಾಕು, ಊರುಗೋಲಿನೊಳಗೆ ಅಡಗಿಸಿದ ಕತ್ತಿ, ಇವನ್ನ ಮುಚ್ಚಿಟ್ಕೊಂಡು ತಿರುಗಿದ್ರೆ ಕನಿಷ್ಠ 100 ಡಾಲರ್ ದಂಡ. ಅದೇ ವರ್ಷ ಲೂಯಿಸಿಯಾನ ಕೂಡ ಇಂಥದ್ದೇ ಕಾನೂನು ತಂತು. ಆಗಿನವರ ತರ್ಕ ಸರಳ: ಮರ್ಯಾದಸ್ಥ ಎಲ್ಲರಿಗೂ ಕಾಣೋ ಹಾಗೆ ಆಯುಧ ಧರಿಸ್ತಾನೆ, ಮುಚ್ಚಿಡೋನಿಗೆ ಹಿಂದಿನಿಂದ ಇರಿಯೋ ಯೋಚನೆ ಇರುತ್ತೆ.

ಆ ಕಾಲದ ದೊಡ್ಡ ಕೈಬಂದೂಕುಗಳನ್ನ ಮುಚ್ಚಿಡೋದೂ ಕಷ್ಟ ಇತ್ತು ಅನ್ನಿ. 1847ರ ವಾಕರ್ ಕೋಲ್ಟ್ ರಿವಾಲ್ವರ್ ತೂಕ ಸುಮಾರು 2 ಕೆಜಿ. ಸೊಂಟಕ್ಕೆ 2 ಕೆಜಿ ಈರುಳ್ಳಿ ಕಟ್ಕೊಂಡು ನಡೆದು ನೋಡಿ, ಗೊತ್ತಾಗುತ್ತೆ. ಅದಕ್ಕೇ ಅದರ ಹೋಲ್‌ಸ್ಟರ್ ಇರ್ತಿದ್ದದ್ದು ಕುದುರೆಯ ಜೀನಿನ ಮುಂಭಾಗದಲ್ಲಿ. ಸವಾರ ಹೊರೋ ಭಾರ ಅದಲ್ಲ. ಇನ್ನೊಂದು ಕಡೆ, ಅಂಗೈಯಲ್ಲಿ ಅಡಗೋ ಡೆರಿಂಜರ್ ಪಿಸ್ತೂಲುಗಳೂ ಬಂದವು. ಅವಕ್ಕೆ ಹೋಲ್‌ಸ್ಟರೇ ಬೇಡ, ಜೇಬು ಸಾಕು. 1865ರಲ್ಲಿ ಅಧ್ಯಕ್ಷ ಲಿಂಕನ್ ಅವರನ್ನ ನಾಟಕ ನೋಡ್ತಾ ಕೂತಿದ್ದಾಗ ಹಿಂದಿನಿಂದ ಕೊಂದದ್ದು ಅಂಥದ್ದೇ ಒಂದು ಪಿಸ್ತೂಲು.

ಟೆಕ್ಸಾಸ್ ಇನ್ನೂ ಮುಂದೆ ಹೋಯ್ತು. ಅಂತರ್ಯುದ್ಧ ಮುಗಿದು ಊರೂರಲ್ಲಿ ಹಿಂಸೆ ಇದ್ದ ಹೊತ್ತು. 1871ರ ಕಾನೂನಿನ ಪ್ರಕಾರ ಮೈಮೇಲೆ, ಜೀನಿನ ಮೇಲೆ, ಜೀನಿನ ಚೀಲದಲ್ಲಿ, ಎಲ್ಲೂ ಪಿಸ್ತೂಲು ಒಯ್ಯೋ ಹಾಗಿಲ್ಲ. ಮುಚ್ಚಿದ್ರೂ ತಪ್ಪು, ತೋರಿಸಿದ್ರೂ ತಪ್ಪು. ದಂಡ 25ರಿಂದ 100 ಡಾಲರ್, ಜೊತೆಗೆ ಆಯುಧ ಜಪ್ತಿ. ಪ್ರಯಾಣಿಕರಿಗೆ, ಸ್ವಂತ ಮನೆ ಜಮೀನಿನಲ್ಲಿ ಇರೋರಿಗೆ ವಿನಾಯಿತಿ. ಕೌಬಾಯ್ ನಾಡು ಅಂತ ನಾವು ಅಂದ್ಕೊಂಡಿರೋ ಟೆಕ್ಸಾಸ್‌ನಲ್ಲಿ ಈ ನಿಷೇಧ ಬಾಳಿದ್ದು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ!

ಅಂದಹಾಗೆ, ಸಿನಿಮಾದಲ್ಲಿ ತೊಡೆ ಹತ್ತಿರ ಜೋತಾಡೋ ಆ ಹೋಲ್‌ಸ್ಟರ್ ಇದೆಯಲ್ಲ, ಅದು ಹೆಚ್ಚುಕಮ್ಮಿ 1950ರ ದಶಕದ ಹಾಲಿವುಡ್ ಸೃಷ್ಟಿ. ನಿಜವಾದ ಹಳೇ ಕಾಲದ್ದು ನೋಡಬೇಕಂದ್ರೆ 1881ರ ಅಕ್ಟೋಬರ್ 26ರ ಟೂಂಬ್‌ಸ್ಟೋನ್ ಗುಂಡಿನ ಕಾಳಗ ನೋಡಿ. ಅರಿಜೋನಾದ ಆ ಊರಿನೊಳಗೆ ಬಂದೂಕು ಒಯ್ಯೋದೇ ನಿಷಿದ್ಧ ಆಗಿತ್ತು, ಜಗಳ ಶುರುವಾದದ್ದೂ ಆ ನಿಯಮದ ಮೇಲೇ. ಅದರಲ್ಲಿ ಹೆಸರು ಮಾಡಿದ ವ್ಯಾಟ್ ಅರ್ಪ್, ತನ್ನ ಪಿಸ್ತೂಲು ಓವರ್‌ಕೋಟಿನ ಜೇಬಲ್ಲಿತ್ತು ಅಂತ ಆಮೇಲೆ ವಿಚಾರಣೆಯಲ್ಲಿ ಹೇಳಿಕೆ ಕೊಟ್ಟ. ಅಷ್ಟು ಸಿನಿಮಾ ಆದ ಕಾಳಗದಲ್ಲಿ ಹೀರೊ ಹತ್ರ ಹೋಲ್‌ಸ್ಟರ್ ಕೆಲಸವೇ ಇರಲಿಲ್ಲ.

3/6
ಈಗ ‘ಲೈಸೆನ್ಸ್’ ಅನ್ನೋ ಪದ. 1911ರಲ್ಲಿ ನ್ಯೂಯಾರ್ಕ್‌ನ ಸಲಿವನ್ ಕಾನೂನು ಬಂತು, ಮುಚ್ಚಿಡಬಹುದಾದ ಸಣ್ಣ ಬಂದೂಕಿಗೆ ಅನುಮತಿ ಪತ್ರ ಬೇಕೇಬೇಕು ಅಂತು. ಬೇರೆ ರಾಜ್ಯಗಳಲ್ಲೂ ಅನುಮತಿ ಪದ್ಧತಿ ಬೆಳೀತು. ಹಲವು ಕಡೆ ಕಾನೂನಿನಲ್ಲಿದ್ದ ಕ್ರಿಯಾಪದ ಒಂದೇ: ಅಧಿಕಾರಿ ಲೈಸೆನ್ಸ್ ‘ಕೊಡಬಹುದು’. ಕೊಡಬೇಕು ಅಂತಿಲ್ಲ. ಕೊಡೋದು ಬಿಡೋದು ಅವರ ಮರ್ಜಿ.

ಆ ಮರ್ಜಿ ಹೇಗೆ ಕೆಲಸ ಮಾಡ್ತಿತ್ತು ಅನ್ನೋದಕ್ಕೆ ಒಂದು ಹೆಸರು ಸಾಕು. 1956ರ ಜನವರಿ 30, ಅಲಬಾಮಾದ ಮಾಂಟ್‌ಗೊಮರಿ. ಬಸ್ ಬಹಿಷ್ಕಾರ ನಡೀತಿತ್ತು. ಮಾರ್ಟಿನ್ ಲೂಥರ್ ಕಿಂಗ್ ಸಭೆಯಲ್ಲಿದ್ದಾಗ ಅವರ ಮನೆ ಜಗಲಿಗೆ ಬಾಂಬ್ ಎಸೆದ್ರು. ಒಳಗೆ ಹೆಂಡತಿ ಕೊರೆಟ್ಟಾ, ಹಸುಗೂಸು. ಇಬ್ಬರಿಗೂ ಏನೂ ಆಗಲಿಲ್ಲ. ಕಿಂಗ್‌ಗೆ ಆಗ 27 ತುಂಬಿ ಹದಿನೈದು ದಿನ. ಪಿಸ್ತೂಲು ಇಟ್ಕೊಂಡು ಓಡಾಡೋಕೆ ಅನುಮತಿ ಕೊಡಿ ಅಂತ ಅವರು ಅರ್ಜಿ ಹಾಕಿದ್ರು. ಕೊಡಲಿಲ್ಲ.

ಮನೆಗೆ ಬಾಂಬ್ ಬಿದ್ದವನಿಗಿಂತ ಬಲವಾದ ಕಾರಣ ಇನ್ಯಾರಿಗೆ ಇರುತ್ತೆ ಹೇಳಿ? ‘ಕೊಡಬಹುದು’ ಅನ್ನೋ ಪದದೊಳಗೆ ಬಣ್ಣ ನೋಡಿ ‘ಇಲ್ಲ’ ಅನ್ನೋಕೂ ಜಾಗ ಇತ್ತು. ಕಿಂಗ್ ಆಮೇಲೆ ಬಂದೂಕನ್ನೇ ಬಿಟ್ರು, ಗಾಂಧಿ ದಾರಿ ಹಿಡಿದ್ರು, 1959ರಲ್ಲಿ ಭಾರತಕ್ಕೂ ಬಂದು ಹೋದ್ರು. ಆ ಕಥೆ ನಿಮಗೆಲ್ಲ ಗೊತ್ತು. ಈ ಅರ್ಜಿಯ ಕಥೆ ಪಾಠಪುಸ್ತಕದಲ್ಲಿ ಬರಲ್ಲ. ನನ್ನ ಪ್ರಕಾರ ಬರಬೇಕು. ಅಹಿಂಸೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಅವರು ಯೋಚಿಸಿ ಆರಿಸಿಕೊಂಡದ್ದು ಅಂತ ಆಗ ಗೊತ್ತಾಗುತ್ತೆ.

4/6
ಈ ಭಾಗ ಓದೋಕೆ ಕಷ್ಟ. 1991ರ ಅಕ್ಟೋಬರ್ 16, ಟೆಕ್ಸಾಸ್‌ನ ಕಿಲೀನ್ ಊರು, ಲೂಬೀಸ್ ಅನ್ನೋ ಕೆಫೆಟೇರಿಯಾ, ಮಧ್ಯಾಹ್ನದ ಊಟದ ಹೊತ್ತು. ಒಬ್ಬ ತನ್ನ ವಾಹನವನ್ನ ಗಾಜು ಒಡೆದು ಒಳಗೇ ನುಗ್ಗಿಸಿ, ಇಳಿದು ಗುಂಡು ಹಾರಿಸೋಕೆ ಶುರು ಮಾಡಿದ. 23 ಜನ ಸತ್ತರು.

ಸುಜಾನಾ ಗ್ರಾಶಿಯಾ ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ರು. ಬೆನ್ನುಮೂಳೆ ಚಿಕಿತ್ಸೆ ಮಾಡೋ ಕೈರೊಪ್ರಾಕ್ಟರ್ ಅವರು. ಅವರ ಹತ್ರ ಒಂದು ರಿವಾಲ್ವರ್ ಇತ್ತು. ಆದ್ರೆ 1871ರ ಆ ನಿಷೇಧ ಇನ್ನೂ ಬೇರೆ ರೂಪದಲ್ಲಿ ಜೀವಂತ ಇತ್ತಲ್ಲ, ಸಿಕ್ಕಿಬಿದ್ರೆ ವೃತ್ತಿಯ ಲೈಸೆನ್ಸೇ ಹೋಗುತ್ತೆ ಅನ್ನೋ ಭಯಕ್ಕೆ ಅದನ್ನ ಕಾರಲ್ಲೇ ಬಿಟ್ಟಿದ್ರು. ಅಪ್ಪ ಆ ಕೊಲೆಗಾರನ ಮೇಲೆ ಬರಿಗೈಯಲ್ಲಿ ನುಗ್ಗಿದ್ರು, ಗುಂಡು ಬಿತ್ತು. ಯಾರೋ ಒಬ್ಬರು ಕಿಟಕಿ ಒಡೆದ್ರು, ಸುಜಾನಾ ಹೊರಗೆ ಬಂದ್ರು. ಅಮ್ಮ ಬರಲಿಲ್ಲ. ಗಂಡನ ಹತ್ರ ಹೋಗಿ ಕೂತ್ರು, ಅವರನ್ನೂ ಕೊಂದ.

ರಿವಾಲ್ವರ್ ಪರ್ಸಲ್ಲಿ ಇದ್ದಿದ್ರೆ ಏನಾಗ್ತಿತ್ತು? ಆ ಗದ್ದಲದಲ್ಲಿ ಗುರಿ ತಪ್ಪಿ ಇನ್ಯಾರಿಗೋ ಬೀಳಬಹುದಿತ್ತು ಅನ್ನೋರೂ ಇದ್ದಾರೆ, ಹತ್ತಾರು ಜೀವ ಉಳೀತಿತ್ತು ಅನ್ನೋರೂ ಇದ್ದಾರೆ. ಇದನ್ನ ಯಾರೂ ಸಾಬೀತು ಮಾಡೋಕಾಗಲ್ಲ. ಆದ್ರೆ ಕಾನೂನು ಪಾಲಿಸಿದ್ದಕ್ಕೇ ನನ್ನ ಕೈ ಖಾಲಿ ಇತ್ತು ಅಂತ ಆಕೆ ಊರೂರು ತಿರುಗಿ ಹೇಳಿದಾಗ, ಎದುರು ಮಾತಾಡೋದು ಯಾರಿಗೂ ಸುಲಭ ಆಗಲಿಲ್ಲ. 1993ರಲ್ಲಿ ಗವರ್ನರ್ ಆನ್ ರಿಚರ್ಡ್ಸ್ ಈ ವಿಷಯದ ಮಸೂದೆಯೊಂದನ್ನ ತಡೆದ್ರು. ಮರುವರ್ಷ ಚುನಾವಣೆಯಲ್ಲಿ ಅವರು ಸೋತ್ರು. ಗೆದ್ದ ಜಾರ್ಜ್ ಡಬ್ಲ್ಯು. ಬುಷ್ 1995ರಲ್ಲಿ ಸಹಿ ಹಾಕಿದ್ರು. ಸುಜಾನಾ 1996ರಲ್ಲಿ ಶಾಸಕಿಯಾಗಿ ಆಯ್ಕೆಯಾದ್ರು.

ಹೊಸ ಕಾನೂನಿನಲ್ಲಿ ಕ್ರಿಯಾಪದ ಬದಲಾಗಿತ್ತು. ಅರ್ಹತೆ ಇದ್ದವರಿಗೆ ಲೈಸೆನ್ಸ್ ‘ಕೊಡಲೇಬೇಕು’. 1987ರಲ್ಲಿ ಫ್ಲೋರಿಡಾ ಹೀಗೆ ಮಾಡಿದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಅದೇ ದಾರಿ ಹಿಡಿದಿದ್ದವು.

5/6
ಹಾಗಂತ ಸುಮ್ಮನೆ ಸಿಗ್ತಿರಲಿಲ್ಲ. ವಯಸ್ಸು 21, ಶುಲ್ಕ 140 ಡಾಲರ್, ಬೆರಳಚ್ಚು, ಫೋಟೊ, ಕ್ರಿಮಿನಲ್ ದಾಖಲೆಯ ತಪಾಸಣೆ. ರಾಜ್ಯದ ತೆರಿಗೆ ಬಾಕಿ ಇದ್ರೆ ಇಲ್ಲ. ಮಕ್ಕಳ ಜೀವನಾಂಶ ಬಾಕಿ ಇದ್ರೂ ಇಲ್ಲ! ಇದು ನನಗೆ ಬಹಳ ಇಷ್ಟವಾದ ಷರತ್ತು.

ಆಮೇಲೆ 10ರಿಂದ 15 ಗಂಟೆಯ ತರಗತಿ. ಬರೀ ಗುಂಡು ಹಾರಿಸೋದಲ್ಲ. ಯಾವಾಗ ಬಲ ಪ್ರಯೋಗ ಮಾಡಬಹುದು ಅನ್ನೋ ಕಾನೂನು, ಮಕ್ಕಳ ಕೈಗೆ ಸಿಗದ ಹಾಗೆ ಇಡೋದು ಹೇಗೆ, ಜಗಳವನ್ನ ಮಾತಲ್ಲೇ ಮುಗಿಸೋದು ಹೇಗೆ, ಇಷ್ಟೂ ಸಿಲಬಸ್. ಲಿಖಿತ ಪರೀಕ್ಷೆ ಬೇರೆ. ಪ್ರಾಕ್ಟಿಕಲ್‌ನಲ್ಲಿ 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, ಪಾಸಾಗೋಕೆ 175. ಶೇ 70. ನಮ್ಮ ಯೂನಿವರ್ಸಿಟಿ ಪಾಸ್ ಮಾರ್ಕ್ಸಿಗಿಂತ ಜಾಸ್ತಿ, ನೋಡ್ಕೊಳ್ಳಿ.

ಪಾಸಾದ ಮೇಲೆ ಹೋಲ್‌ಸ್ಟರ್ ಪ್ರಶ್ನೆ. 1813ರ ನ್ಯಾಯ ಇಲ್ಲಿ ಪೂರ್ತಿ ತಲೆಕೆಳಗಾಯ್ತು. ಈ ಲೈಸೆನ್ಸ್ ಇದ್ದೋನು ಪಿಸ್ತೂಲನ್ನ ಬೇಕಂತಲೇ ಮುಚ್ಚದೆ ಬಿಟ್ರೆ ಅದೇ ಅಪರಾಧ. ಅದಕ್ಕೇ ಜನ ಹೋಲ್‌ಸ್ಟರ್ ಕೊಳ್ಳೋವಾಗ ಬಟ್ಟೆ ಬಗ್ಗೆ ಯೋಚಿಸಬೇಕಾಯ್ತು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಕಾಣೋ ನಾಡಲ್ಲಿ ಕೋಟು ಹಾಕೋಕಾಗುತ್ತಾ? ತೆಳು ಅಂಗಿ ಹಾಕಿದ್ರೆ ಪಿಸ್ತೂಲಿನ ಆಕಾರ ಉಬ್ಬಿ ಕಾಣುತ್ತೆ. ಇದಕ್ಕೆ ‘ಪ್ರಿಂಟ್ ಆಗೋದು’ ಅಂತಾರೆ. ಪ್ಯಾಂಟಿನ ಒಳಗೆ ಸಿಕ್ಕಿಸೋದು, ಪಾದದ ಗಂಟಿಗೆ ಕಟ್ಟೋದು, ಜೇಬಿನೊಳಗೆ ಇಡೋದು, ಹೀಗೆ ನಾನಾ ನಮೂನೆಗಳಿಗೆ ಬೇಡಿಕೆ ಬಂತು.

ನಾಲ್ಕನೇ ಫೋಟೊದಲ್ಲಿರೋದು 1920ರ ದಶಕದ ಟೆಕ್ಸಾಸ್‌ನ ಎಲ್ ಪಾಸೊದ ವಿನ್ಯಾಸ, ಟಾಮ್ ಥ್ರೀಪರ್ಸನ್ಸ್ ಅನ್ನೋ ಪೊಲೀಸ್ ಅಧಿಕಾರಿ ಹೆಸರಲ್ಲೇ ಪ್ರಸಿದ್ಧ. ಗಮನಿಸಿ, ಟ್ರಿಗರ್ ಪೂರ್ತಿ ಹೊರಗೇ ಇದೆ. ಬೇಗ ಎಳೀಬೇಕು ಅನ್ನೋದೊಂದೇ ಉದ್ದೇಶ. ಇವತ್ತು ಇದನ್ನ ಯಾವ ತರಬೇತುದಾರನೂ ಒಪ್ಪಲ್ಲ. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು ಬಂದ ಮೇಲೆ ಇನ್ನೂ ಒಪ್ಪಲ್ಲ. ಅದರಲ್ಲಿ ಬೆರಳಿಂದ ಸರಿಸೋ ಸೇಫ್ಟಿ ಗುಂಡಿ ಇಲ್ಲ. ಟ್ರಿಗರ್ ಒತ್ತಿದ್ರೆ ಹಾರಿತು, ಒತ್ತಿದ್ದು ಬೆರಳೋ ಅಂಗಿ ತುದಿಯೋ ಅಂತ ಅದು ಕೇಳಲ್ಲ. ಸವೆದು ಮೆತ್ತಗಾದ ಚರ್ಮದ ಅಂಚು ಮಡಚಿ ಟ್ರಿಗರ್‌ಗೆ ಸಿಕ್ಕಿಕೊಂಡ್ರೂ ಅಪಾಯವೇ. ಆದ್ದರಿಂದ ಮೊದಲು ನೋಡೋದು: ಟ್ರಿಗರ್ ಪೂರ್ತಿ ಮುಚ್ಚಿದೆಯಾ, ಬಗ್ಗಿದ್ರೆ ಓಡಿದ್ರೆ ಪಿಸ್ತೂಲು ಜಾರಲ್ಲ ತಾನೆ, ಖಾಲಿ ಇದ್ದಾಗ ಬಾಯಿ ಮುಚ್ಚಿಕೊಳ್ಳದೆ ನಿಲ್ಲುತ್ತಾ. ಭಾರ ತಡೆಯೋ ಗಟ್ಟಿ ಬೆಲ್ಟ್ ಆಮೇಲಿನ ಖರ್ಚು. ಚರ್ಮದ ಜಾಗಕ್ಕೆ ಬಂದ ಕೈಡೆಕ್ಸ್ ಅನ್ನೋ ಪ್ಲಾಸ್ಟಿಕ್, ಮೊದಲು ವಿಮಾನದ ಒಳಭಾಗಕ್ಕೆ ಬಳಸ್ತಿದ್ದದ್ದು. ಬಿಸಿ ಮಾಡಿ ಪಿಸ್ತೂಲಿನ ಅಚ್ಚಿಗೆ ಕೂರಿಸಿದ್ರೆ ಆಕಾರ ಹಾಗೇ ನಿಲ್ಲುತ್ತೆ. ಕತ್ತಿಗೆ ಅಳತೆ ತಕ್ಕ ಒರೆ ಮಾಡ್ತಿದ್ದ ಹಾಗೇ.

ರೀಲ್ಸಲ್ಲಿ ಸರ್ರನೆ ಪಿಸ್ತೂಲು ಎಳೆಯೋ ವಿಡಿಯೊ ನೀವು ನೋಡಿರ್ತೀರಿ. ಎಳೆದದ್ದನ್ನ ಮತ್ತೆ ಒಳಗೆ ಇಡೋವಾಗಲೇ ಹೆಚ್ಚು ಎಚ್ಚರ ಬೇಕು. ಅದನ್ನ ಯಾರೂ ರೀಲ್ ಮಾಡಲ್ಲ.

6/6
2016ರ ಜನವರಿ 1ರಂದು ಟೆಕ್ಸಾಸ್ ಮತ್ತೆ ತಿರುಗಿತು. ಲೈಸೆನ್ಸ್ ಇದ್ದವರು ಪಿಸ್ತೂಲು ಕಾಣೋ ಹಾಗೂ ಧರಿಸಬಹುದು, ಆದ್ರೆ ಭುಜದ ಅಥವಾ ಬೆಲ್ಟಿನ ಹೋಲ್‌ಸ್ಟರ್‌ನಲ್ಲಿರಬೇಕು. ಲೈಸೆನ್ಸಿನ ಹೆಸರಿಂದ ‘ಕನ್ಸೀಲ್ಡ್’ ಅನ್ನೋ ಪದವೇ ಹೋಯ್ತು. ತಮಾಷೆ ನೋಡಿ, ಅದೇ 2016ರಲ್ಲಿ ನಮ್ಮ ದೇಶದ ಹೊಸ ಆರ್ಮ್ಸ್ ರೂಲ್ಸ್ ಬಂತು. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರ್ ಥರದ್ದರಲ್ಲಿ ಪೂರ್ತಿ ಮುಚ್ಚಿರಬೇಕು ಅಂತ ಅದು ಹೇಳುತ್ತೆ. ಅವರು ತೆರೆದ ವರ್ಷ ನಾವು ಮುಚ್ಚಿ ಅಂದ್ವಿ. ಕೊಡಗಿನ ಫ್ರೆಂಡ್ಸ್ ಈಗ ಕೈಲ್‌ಪೊಳ್ದ್ ಬಗ್ಗೆ ಕಾಮೆಂಟ್ ಹಾಕ್ತೀರಿ ಅಂತ ಗೊತ್ತು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ಬಂದೂಕಿನ ವಿನಾಯಿತಿಯದ್ದು ಬೇರೆಯೇ ಕಥೆ, ಅದಕ್ಕೆ ಇನ್ನೊಂದು ಸರಣಿ ಬೇಕು.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಕಡ್ಡಾಯ ಅಲ್ಲ. ಕಾನೂನು ಬಂದಾಗ ಅದರಲ್ಲಿದ್ದ ಷರತ್ತು, 21 ತುಂಬಿರಬೇಕು, ಕಾನೂನಿನ ಬೇರೆ ಅಡ್ಡಿ ಇರಬಾರದು ಅಂತಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಕಾರಣ ತೋರಿಸಿದ್ರೆ ಮಾತ್ರ ಲೈಸೆನ್ಸ್ ಅನ್ನೋ ನ್ಯೂಯಾರ್ಕ್‌ನ ಷರತ್ತನ್ನೂ ರದ್ದು ಮಾಡ್ತು. ಕಿಂಗ್ ಅವರಿಗೆ ‘ಇಲ್ಲ’ ಅಂದಂಥ ಮರ್ಜಿ ಹೋದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದ್ರೆ ಟೆಕ್ಸಾಸ್‌ನಲ್ಲಿ ಅದರ ಜೊತೆ ತರಗತಿಯೂ ಹೋಯ್ತು, ಇದನ್ನ ಒಪ್ಪೋಕೆ ನನಗೆ ಆಗ್ತಿಲ್ಲ. 175 ಅಂಕ, ಜಗಳ ಮಾತಲ್ಲಿ ಮುಗಿಸೋ ಪಾಠ, ಮಕ್ಕಳಿಗೆ ಸಿಗದ ಹಾಗೆ ಇಡೋ ಪಾಠ, ಎಲ್ಲ ಈಗ ಇಷ್ಟ ಇದ್ದವರಿಗೆ ಮಾತ್ರ. ಕಾಣೋ ಹಾಗೆ ಧರಿಸೋರಿಗೆ ಹೊಸ ಕಾನೂನು ಉಳಿಸಿಕೊಂಡ ಷರತ್ತು, ಪಿಸ್ತೂಲು ಹೋಲ್‌ಸ್ಟರ್‌ನಲ್ಲಿರಬೇಕು ಅನ್ನೋದು. ಎಂಥ ಹೋಲ್‌ಸ್ಟರ್ ಅಂತ ಅದು ಹೇಳಲ್ಲ, ಭುಜದ್ದು ಬೆಲ್ಟಿನದು ಅನ್ನೋ ಮಾತೂ ಈಗಿಲ್ಲ.

ಲೈಸೆನ್ಸ್ ಈಗಲೂ ಕೊಡ್ತಾರೆ, ಬೇಕಾದವರು ತರಗತಿಗೆ ಹೋಗಿ ತಗೊಳ್ತಾರೆ. ಟೆಕ್ಸಾಸ್ ಲೈಸೆನ್ಸನ್ನ ಒಪ್ಪೋ ಬೇರೆ ರಾಜ್ಯಗಳಿಗೆ ಹೋಗೋವಾಗ ಅದು ಬೇಕಾಗುತ್ತೆ. ಕೆಂಪು 51% ಬೋರ್ಡ್ ಕೂಡ ಬಾರ್‌ಗಳ ಬಾಗಿಲಲ್ಲಿ ಇನ್ನೂ ಇದೆ.